'ಇಂಟೆಲಿಜೆನ್ಸ್' ಅಂದರೆ ಸಾಲುಗಳ ನಡುವೆ ಓದುವುದಾ? ಲ್ಯಾಟಿನ್ ಬಲ್ಲವರು ಯಾರಾದರೂ ಇದ್ದೀರಾ?

ಕೆರೆಏರಿ

ಒಂದು ಮಾಸಪತ್ರಿಕೆಗೆ ಕೃತಕ ಬುದ್ಧಿಮತ್ತೆಯ ಬಗ್ಗೆ ಲೇಖನ ಬರೆಯುತ್ತಿದ್ದೇನೆ. ಮೊದಲ ಪ್ಯಾರಾದಲ್ಲಿ 'ಇಂಟೆಲಿಜೆನ್ಸ್' ಎಲ್ಲಿಂದ ಬಂತು ಅಂತ ನಾಲ್ಕು ಸಾಲು ಬೇಕು. ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ, ನೀವೂ ನೋಡಿರುತ್ತೀರಿ. ಲ್ಯಾಟಿನ್‌ನಲ್ಲಿ 'ಇಂಟರ್' ಅಂದರೆ ನಡುವೆ, 'ಲೆಗೆರೆ' ಅಂದರೆ ಓದು, ಆದ್ದರಿಂದ ಬುದ್ಧಿವಂತ ಅಂದರೆ ಸಾಲುಗಳ ನಡುವೆ ಓದುವವನು. ಕೆಳಗೆ ಸೂರ್ಯೋದಯದ ಚಿತ್ರ. ಇನ್ನೊಂದು ಕಡೆ 'ಒಳಗೆ ಓದುವುದು' ಅಂತ ಬರೆದಿದ್ದಾರೆ. ಯಾವುದು ಸರಿ? ಅಥವಾ ಎರಡೂ ಸುಮ್ನೆ ಕಟ್ಟಿದ್ದಾ?

ಒಗ್ಗರಣೆ

ಸೂರ್ಯೋದಯದ ಚಿತ್ರ ಇದ್ದರೆ ಸುಳ್ಳು ಅಂತಲೇ ಲೆಕ್ಕ.

ಮರದಪಟ್ಟಿ

ಪೂರ್ತಿ ಸುಳ್ಳಲ್ಲ. ಅರ್ಧ ಸರಿ ಇರುವುದರಿಂದಲೇ ಅಷ್ಟು ಓಡುತ್ತಿದೆ.

ಕ್ರಿಯಾಪದ 'ಇಂಟೆಲ್ಲೆಗೆರೆ'. 'ನಾನು ತಿಳಿಯುತ್ತೇನೆ' ಅನ್ನಲು 'ಇಂಟೆಲ್ಲೆಗೊ'. ಇಂಟರ್ ಮತ್ತು ಲೆಗೆರೆ ಸೇರುವಾಗ ರಕಾರ ಮುಂದಿನ ಲಕಾರದಲ್ಲಿ ಕರಗಿದೆ. ಇಷ್ಟರ ಮಟ್ಟಿಗೆ ಫಾರ್ವರ್ಡ್ ಸರಿ. ಎಡವಿರುವುದು 'ಓದು' ಅನ್ನುವ ಕಡೆ. ಲೆಗೆರೆಯ ಹಳೆಯ ಅರ್ಥ ಆಯುವುದು, ಹೆಕ್ಕುವುದು, ಕೂಡಿಸುವುದು. ಹೂವು ಕೀಳುವುದಕ್ಕೂ ಇದೇ ಪದ. ಚಿತೆ ಆರಿದ ಮೇಲೆ ರೋಮನ್ನರು ಮಾಡುತ್ತಿದ್ದ ಅಸ್ಥಿಸಂಚಯನಕ್ಕೂ ಇದೇ ಪದ, 'ಓಸ್ಸಾ ಲೆಗೆರೆ'. ಸೈನ್ಯಕ್ಕೆ ಆಳುಗಳನ್ನು ಆರಿಸುವುದರಿಂದ 'ಲೆಗಿಯೊ' ಬಂತು. ಇಂಗ್ಲಿಷಿನ ಲೀಜನ್ ಅದೇ. ಓದು ಅನ್ನುವ ಅರ್ಥ ಇದರ ಮೇಲೆ ಕೂತದ್ದು. ಹಾಗಾಗಿ ಇಂಟೆಲ್ಲೆಗೆರೆ ಅಂದರೆ ಹಲವು ವಸ್ತುಗಳ ನಡುವಿನಿಂದ ಇದು ಬೇರೆ, ಅದು ಬೇರೆ ಅಂತ ಬಿಡಿಸಿ ಗುರುತಿಸುವುದು. ಅಲ್ಲಿ ಸಾಲೂ ಇಲ್ಲ, ಪುಸ್ತಕವೂ ಇಲ್ಲ.

ಇದು ನನ್ನ ಊಹೆ ಅಲ್ಲ. ಕ್ರಿ.ಪೂ. 45ರಲ್ಲಿ ರೋಮ್‌ನ ವಕೀಲ, ತತ್ವಚಿಂತಕ ಸಿಸೆರೊ ದೇವತೆಗಳ ಸ್ವರೂಪದ ಬಗ್ಗೆ ಒಂದು ಸಂವಾದ ಬರೆದ. ಅದರಲ್ಲಿ ಬಾಲ್ಬಸ್ ಎಂಬ ಪಾತ್ರ ಈ ಕುಟುಂಬವನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸುತ್ತಾನೆ. 'ಎಲಿಗೆರೆ'ಯಿಂದ ಎಲೆಗಂಟ್ ಜನ, 'ದಿಲಿಗೆರೆ'ಯಿಂದ ಡಿಲಿಜೆಂಟ್ ಜನ, 'ಇಂಟೆಲ್ಲೆಗೆರೆ'ಯಿಂದ ಇಂಟೆಲಿಜೆಂಟ್ ಜನ, ಎಲ್ಲದರಲ್ಲೂ ಇರುವುದು ಲೆಗೆರೆಯ ಶಕ್ತಿಯೇ ಅನ್ನುತ್ತಾನೆ. 'ರಿಲಿಜನ್' ಕೂಡ ಇದೇ ಮನೆಯದು ಅನ್ನುವುದು ಅವನ ವಾದ, ಮತ್ತೆ ಮತ್ತೆ ಆಯುವುದು, ಅಂದರೆ ಪೂಜೆಯ ವಿವರಗಳನ್ನು ಪದೇ ಪದೇ ಗಮನಿಸುವುದು ಅಂತ. ಮುಂದೆ ಲಾಕ್ಟಾಂಟಿಯಸ್ ಎಂಬ ಕ್ರೈಸ್ತ ಲೇಖಕ ಇದನ್ನು ಒಪ್ಪಲಿಲ್ಲ, ಕಟ್ಟುವುದು ಎಂಬ ಅರ್ಥದ 'ರೆಲಿಗಾರೆ' ಮೂಲ ಅಂದ. ಆ ಜಗಳ ಇನ್ನೂ ಮುಗಿದಿಲ್ಲ, ಅದನ್ನು ಇಲ್ಲಿಗೆ ತರುವುದು ಬೇಡ.

ಈ ಮನೆಯ ಇನ್ನೊಂದು ಪದ ನನಗೆ ಬಹಳ ಇಷ್ಟ, 'ನೆಗ್ಲೆಗೆರೆ'. ಆಯ್ದುಕೊಳ್ಳದೆ ಬಿಡುವುದು. ಇಂಗ್ಲಿಷಿನ ನೆಗ್ಲೆಕ್ಟ್. ಅಂದರೆ ತಿಳಿಯುವುದಕ್ಕೂ ಅಸಡ್ಡೆ ಮಾಡುವುದಕ್ಕೂ ಬೇರು ಒಂದೇ.

ಹಳೇಸೆಮಿನರಿ

'ಒಳಗೆ ಓದುವುದು' ಎಲ್ಲಿಂದ ಬಂತು ಅಂತ ನಾನು ಹೇಳುತ್ತೇನೆ ಮಾರಾಯ್ರೆ. ಮಂಗಳೂರಿನಲ್ಲಿ ಪಾದ್ರಿಯಾಗಲು ಓದಿ ಮಧ್ಯದಲ್ಲೇ ಬಿಟ್ಟವನು ನಾನು. ದೇವರ ಕರೆ ಉಳಿಯಲಿಲ್ಲ, ಲ್ಯಾಟಿನ್ ಉಳಿಯಿತು.

ಅದು ಸಂತ ಥಾಮಸ್ ಅಕ್ವಿನಾಸ್ ಅವರದು. 13ನೇ ಶತಮಾನ. 'ಇಂಟೆಲ್ಲಿಜೆರೆ' ಅಂದರೆ 'ಇಂಟುಸ್ ಲೆಜೆರೆ', ಒಳಗೆ ಓದುವ ಹಾಗೆ ಅನ್ನುತ್ತಾರೆ. ಇಂದ್ರಿಯಗಳಿಗೆ ಕಾಣುವುದು ವಸ್ತುವಿನ ಹೊರಮೈ. ಬುದ್ಧಿ ಅದರ ಒಳಕ್ಕೆ ಇಳಿದು ಅದು ಏನು ಅಂತ ನೋಡುತ್ತದೆ. ವ್ಯುತ್ಪತ್ತಿಯಾಗಿ ತಪ್ಪು, ಒಪ್ಪುತ್ತೇನೆ. ಆದರೆ ಆ ಕಾಲದಲ್ಲಿ ಪದ ಬಿಡಿಸುವುದು ಇತಿಹಾಸ ಹೇಳಲಿಕ್ಕೆ ಅಲ್ಲ, ಪಾಠ ಹೇಳಲಿಕ್ಕೆ. ನಮ್ಮಲ್ಲೂ ಹರಿಕತೆ ದಾಸರು ಹಾಗೆ ಪದ ಬಿಡಿಸುತ್ತಾರಲ್ಲ!

ಮರದಪಟ್ಟಿ

'ಇಂಟೆಲ್ಲಿಜೆರೆ' ಅಲ್ಲ, 'ಇಂಟೆಲ್ಲೆಗೆರೆ'.

ಹಳೇಸೆಮಿನರಿ

ನಮಗೆ ಇಟಲಿಯ ಉಚ್ಚಾರಣೆ ಕಲಿಸಿದ್ದು, 'ಜೆ' ಅಂತಲೇ. ಚರ್ಚಿನ ಪುಸ್ತಕಗಳಲ್ಲಿ ಕಾಗುಣಿತವೂ 'ಲ್ಲಿ'. ಸಿಸೆರೊ ಬಂದು ತಿದ್ದಲಿ, ಆಮೇಲೆ ನೋಡುವ.

ಈ ಕ್ರಿಯಾಪದ ಚರ್ಚಿನಲ್ಲಿ ಎಷ್ಟು ದೊಡ್ಡದಾಯಿತು ಅಂದರೆ ಹೊರಗಿನವರಿಗೆ ಅಂದಾಜೂ ಇರಲಿಕ್ಕಿಲ್ಲ. ಸಂತ ಆಗಸ್ಟೀನ್ ಒಂದು ಪ್ರವಚನದಲ್ಲಿ 'ನಂಬಲು ತಿಳಿದುಕೋ, ತಿಳಿಯಲು ನಂಬು' ಅಂದರು. ಸುಮಾರು 1077ರಲ್ಲಿ ಆನ್ಸೆಲ್ಮ್ ಎಂಬ ಸನ್ಯಾಸಿ ತಮ್ಮ ಪುಸ್ತಕಕ್ಕೆ ಮೊದಲು ಇಟ್ಟ ಹೆಸರು 'ತಿಳಿವನ್ನು ಅರಸುವ ನಂಬಿಕೆ'. ಅದರಲ್ಲೇ 'ಕ್ರೆದೊ ಉಟ್ ಇಂಟೆಲ್ಲಿಗಮ್', ತಿಳಿಯಲೆಂದು ನಂಬುತ್ತೇನೆ ಅನ್ನುವ ಮಾತು ಇದೆ. ಸೆಮಿನರಿಯಲ್ಲಿ ಇದನ್ನು ಕೇಳದೆ ಯಾರೂ ಹೊರಗೆ ಬರುವುದಿಲ್ಲ.

ಈಗ ತಮಾಷೆ ಕೇಳಿ. ಆಗಸ್ಟೀನ್ ಇದಕ್ಕೆಲ್ಲ ಆಧಾರ ಕೊಟ್ಟದ್ದು ಯೆಶಾಯನ ಪುಸ್ತಕದ 7ನೇ ಅಧ್ಯಾಯದ 9ನೇ ವಚನ. ಅವರ ಕೈಯಲ್ಲಿದ್ದ ಹಳೆಯ ಲ್ಯಾಟಿನ್ ಬೈಬಲ್‌ನಲ್ಲಿ 'ನೀವು ನಂಬದಿದ್ದರೆ ತಿಳಿಯಲಾರಿರಿ' ಅಂತಿತ್ತು. ಅದು ಗ್ರೀಕ್ ಅನುವಾದದಿಂದ ಬಂದ ಲ್ಯಾಟಿನ್. ಸಂತ ಜೆರೋಮ್ ಹೀಬ್ರೂ ಮೂಲ ನೋಡಿ ಹೊಸದಾಗಿ ಅನುವಾದ ಮಾಡಿದಾಗ ಅಲ್ಲಿ ತಿಳಿಯುವ ಮಾತೇ ಇರಲಿಲ್ಲ. 'ನಂಬದಿದ್ದರೆ ನಿಲ್ಲಲಾರಿರಿ' ಅಂತ ಆಯಿತು. ವೈರಿಗಳು ಮುತ್ತಿಗೆ ಹಾಕಲು ಬರುತ್ತಿದ್ದಾಗ ಹೆದರಿದ ರಾಜನಿಗೆ ಪ್ರವಾದಿ ಹೇಳಿದ ಧೈರ್ಯದ ಮಾತು ಅದು. ಅದರಿಂದ ನೂರಾರು ವರ್ಷ ಜ್ಞಾನಮೀಮಾಂಸೆ ಬೆಳೆಯಿತು.

ಒಗ್ಗರಣೆ

ಅನುವಾದಕರಿಗೆ ಸಂಭಾವನೆ ಜಾಸ್ತಿ ಕೊಡಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಕಾರಣ ಸಿಗುವುದಿಲ್ಲ.

ಬೈಟುಕಾಫಿ

ಸಂತರು, ತತ್ವಜ್ಞಾನಿಗಳು ಸರಿ. ರೋಮ್‌ನ ಸಂತೆಬೀದಿಯಲ್ಲಿ ನಿಂತ ಸಾಮಾನ್ಯ ಮನುಷ್ಯ ಈ ಪದವನ್ನು ಹೇಗೆ ಬಳಸುತ್ತಿದ್ದ ಗುರೂ? ಅದು ಗೊತ್ತಾದರೆ ಮಾತ್ರ ಪದದ ನಿಜವಾದ ತೂಕ ಗೊತ್ತಾಗುವುದು.

ಮರದಪಟ್ಟಿ

ಸಂತೆಬೀದಿಯವನು ಬರೆದಿಟ್ಟು ಹೋಗಲಿಲ್ಲ. ಹತ್ತಿರದ್ದು ಅಂದರೆ ನಾಟಕ ಮತ್ತು ಕೋರ್ಟು. ಒಂದೊಂದು ಉದಾಹರಣೆ ಕೊಡುತ್ತೇನೆ.

ನಾಟಕ ಮೊದಲು. ಕ್ರಿ.ಪೂ. 166ರಲ್ಲಿ ಟೆರೆನ್ಸ್ ಎಂಬ ನಾಟಕಕಾರ 'ಆಂಡ್ರಿಯಾ' ಆಡಿಸಿದ. ಮೆನಾಂಡರ್‌ನ ಎರಡು ಗ್ರೀಕ್ ನಾಟಕಗಳನ್ನು ಬೆರೆಸಿ ಮಾಡಿದ್ದು. ಹಾಗೆ ಬೆರೆಸಿ ಕೆಡಿಸಿದ ಅಂತ ವಿರೋಧಿಗಳು ಗಲಾಟೆ ಎಬ್ಬಿಸಿದ್ದರು. ಅವನು ನಾಟಕದ ಮುನ್ನುಡಿಯಲ್ಲೇ ತಿರುಗಿ ಕೇಳಿದ: 'ಇಷ್ಟೆಲ್ಲ ತಿಳಿದುಕೊಂಡು ಏನೂ ತಿಳಿಯದವರಾದರಲ್ಲ ಇವರು?' ಮೂಲದಲ್ಲಿ ಒಂದೇ ಸಾಲಿನಲ್ಲಿ ಇಂಟೆಲ್ಲೆಗೆರೆ ಎರಡು ಸಲ ಬರುತ್ತದೆ. ವಿಮರ್ಶಕರಿಗೆ ಕೊಟ್ಟ ಏಟು 2200 ವರ್ಷ ಆದರೂ ಹಳೆಯದಾಗಿಲ್ಲ.

ಕೋರ್ಟಿನದು ಇನ್ನೂ ಚೆನ್ನಾಗಿದೆ. ಕ್ರಿ.ಪೂ. 70. ಸಿಸಿಲಿಯ ರಾಜ್ಯಪಾಲನಾಗಿದ್ದ ವೆರ್ರೆಸ್ ಅಲ್ಲಿನ ದೇವಸ್ಥಾನಗಳ ವಿಗ್ರಹಗಳನ್ನೂ ಶ್ರೀಮಂತರ ಮನೆಯ ಕಲಾವಸ್ತುಗಳನ್ನೂ ದೋಚಿದ್ದ. ಸಿಸೆರೊ ಅವನ ಮೇಲೆ ಮೊಕದ್ದಮೆ ನಡೆಸಿದ. ಅಗ್ರಿಜೆಂಟಂ ಊರಿನಲ್ಲಿ ಹರ್ಕ್ಯುಲಿಸ್‌ನ ಕಂಚಿನ ವಿಗ್ರಹ ಇತ್ತು. ಭಕ್ತರು ಮುತ್ತಿಟ್ಟು ಮುತ್ತಿಟ್ಟು ಅದರ ಬಾಯಿ, ಗದ್ದ ಸವೆದುಹೋಗಿತ್ತು. ಅದಕ್ಕಿಂತ ಚೆಂದದ್ದನ್ನು ನಾನು ಕಂಡಿಲ್ಲ ಅನ್ನಬಹುದು ಅಂತ ಹೇಳಿ ಸಿಸೆರೊ ಒಂದು ಮಾತು ಸೇರಿಸುತ್ತಾನೆ: 'ಇಂಥ ವಿಷಯಗಳಲ್ಲಿ ನಾನು ಕಂಡಷ್ಟು ನನಗೆ ತಿಳಿಯುವುದಿಲ್ಲ.' ಆ 'ತಿಳಿಯುವುದು' ಇಂಟೆಲ್ಲೆಗೊ. ಇಲ್ಲಿ ಅದರ ಅರ್ಥ ತಲೆ ಚುರುಕು ಅಂತ ಅಲ್ಲ. ನಮ್ಮಲ್ಲಿ ರೇಷ್ಮೆ ಸೀರೆ ನೋಡಿದ ಕೂಡಲೇ ಜರಿ ಯಾವುದು ಅಂತ ಹೇಳುವವರಿರುತ್ತಾರಲ್ಲ, ಆ ಕಣ್ಣು. ಇಂತಿಂಥ ವಿಷಯದಲ್ಲಿ ತಿಳಿಯುತ್ತದೆ ಅಂತ ವಿಷಯದ ಸಮೇತ ಹೇಳಬೇಕಿತ್ತು.

ಅಂದ ಹಾಗೆ ಆ ವಿಗ್ರಹ ಕಳವಾಗಲಿಲ್ಲ. ರಾತ್ರಿ ವೆರ್ರೆಸ್‌ನ ಆಳುಗಳು ಸನ್ನೆಗೋಲು ಹಾಕಿ ಎಬ್ಬಿಸುತ್ತಿದ್ದರು. ಊರಿಗೆ ಊರೇ ಎದ್ದು ಬಂದು ಕಲ್ಲು ಹೊಡೆದು ಓಡಿಸಿತು. ವೆರ್ರೆಸ್ ಅಂದರೆ ಲ್ಯಾಟಿನ್‌ನಲ್ಲಿ ಗಂಡು ಹಂದಿ. ಹರ್ಕ್ಯುಲಿಸ್ ಹಿಡಿದು ತಂದ ಕಾಡುಹಂದಿಯ ಪಕ್ಕದಲ್ಲಿ ಈ ಹಂದಿಯನ್ನೂ ಅವನ ಸಾಹಸಗಳ ಪಟ್ಟಿಗೆ ಸೇರಿಸಬೇಕು ಅಂತ ಸಿಸಿಲಿಯ ಜನ ನಕ್ಕರಂತೆ.

ಕೆರೆಏರಿ

ಇದು ಲೇಖನಕ್ಕೆ ಖಂಡಿತ ಬೇಕು. 'ಇಂಟೆಲಿಜೆಂಟ್' ಅಂತ ಬರೀ ಹೇಳಿದರೆ ಅವರಿಗೆ ಅರ್ಥವೇ ಆಗುತ್ತಿರಲಿಲ್ಲವಾ? ಯಾವುದರಲ್ಲಿ ಅಂತ ಕೇಳುತ್ತಿದ್ದರಾ?

ಮರದಪಟ್ಟಿ

ಬರೀ ಹೇಳುವುದೂ ಇತ್ತು. 'ಇಂಟೆಲ್ಲೆಗೆಂಟಿಯಾ' ಎಂಬ ನಾಮಪದವನ್ನು ಸಿಸೆರೊನೇ ಧಾರಾಳವಾಗಿ ಬಳಸಿದ್ದಾನೆ. ಆದರೆ ದಿನಬಳಕೆಯಲ್ಲಿ ಕ್ರಿಯಾಪದ ಮುಂದೆ, ನಾಮಪದ ಹಿಂದೆ.

ಕ್ಲುಜ್ ಹುಡುಗಿ

ಈ ಕ್ರಿಯಾಪದ ಸತ್ತಿಲ್ಲ ಅಂತ ಹೇಳಲು ಬಂದೆ. ನಾನು ರೊಮೇನಿಯಾದ ಕ್ಲುಜ್‌ನಲ್ಲಿ ಮೆಡಿಸಿನ್ ಓದುತ್ತಿದ್ದೇನೆ. ಪಾಠ ಇಂಗ್ಲಿಷಿನಲ್ಲಿ, ಆದರೆ ವಾರ್ಡಿನಲ್ಲಿ ರೋಗಿಗಳ ಜೊತೆ ರೊಮೇನಿಯನ್ ಭಾಷೆಯೇ ಬೇಕು. ನಾನು ಮೊದಲು ಕಲಿತ ವಾಕ್ಯ 'ನು ಇನ್ಸೆಲೆಗ್', ನನಗೆ ಅರ್ಥವಾಗುತ್ತಿಲ್ಲ. ಆ 'ಇನ್ಸೆಲೆಗ್' ನೇರವಾಗಿ ಇಂಟೆಲ್ಲೆಗೊದಿಂದ ಬಂದದ್ದು. ಉಚ್ಚಾರಣೆ ಕನ್ನಡ ಲಿಪಿಯಲ್ಲಿ ಪೂರ್ತಿ ಕೂರುವುದಿಲ್ಲ, ಮೊದಲ ಸ್ವರ ಗಂಟಲಿನ ಒಳಗೆ, ನಡುವೆ 'ತ್ಸ' ಬರುತ್ತದೆ.

ಲ್ಯಾಟಿನ್‌ನಿಂದ ಹುಟ್ಟಿದ ಉಳಿದ ದೊಡ್ಡ ಭಾಷೆಗಳಲ್ಲಿ ಈ ಪದ ಬಾಯಿಮಾತಿನಲ್ಲಿ ಉಳಿಯಲಿಲ್ಲ. ಇಟಾಲಿಯನ್‌ನಲ್ಲಿ 'ಕಪೀರೆ', ಅದು ಹಿಡಿಯುವುದರಿಂದ ಬಂದದ್ದು. ಫ್ರೆಂಚ್‌ನ 'ಕೊಂಪ್ರಾಂದ್ರ್' ಕೂಡ ಹಿಡಿಯುವುದೇ. ಸ್ಪ್ಯಾನಿಷ್‌ನ 'ಎಂತೆಂದೆರ್' ಯಾವುದೋ ಕಡೆಗೆ ಮನಸ್ಸು ಚಾಚುವುದು. ರೊಮೇನಿಯನ್ ಜನ ಮಾತ್ರ ಹಳೆಯದನ್ನು ಬಿಡಲಿಲ್ಲ. ಇನ್ನೂ ಒಂದು ಸ್ವಾರಸ್ಯ ಇದೆ. ವಿವೇಕಿಗೆ ಇಲ್ಲಿ 'ಇನ್ಸೆಲೆಪ್ಟ್' ಅಂತಾರೆ, ಮನೆಯಲ್ಲೇ ಬೆಳೆದ ಪದ. ಪರೀಕ್ಷೆಯಲ್ಲಿ ಮಾರ್ಕ್ಸ್ ತೆಗೆಯುವವನಿಗೆ 'ಇಂತೆಲಿಜೆಂತ್' ಅಂತಾರೆ, ಅದು ಹೊರಗಿನಿಂದ ಹೊಸದಾಗಿ ತಂದದ್ದು. ಅಜ್ಜಿಗೆ ಮೊದಲನೆಯದು, ಮೊಮ್ಮಗನಿಗೆ ಎರಡನೆಯದು!

'ಇನ್ಸೆಲೆಜೆರೆ' ಅಂದರೆ ಒಪ್ಪಂದ ಅಂತಲೂ ಅರ್ಥ. ಇಬ್ಬರು ಹೊಂದಿಕೊಂಡು ಹೋಗುತ್ತಾರೆ ಅನ್ನುವುದಕ್ಕೂ ಇದೇ ಕ್ರಿಯಾಪದ. ನನ್ನ ರೂಮ್‌ಮೇಟ್ ಜೊತೆ ನನಗೆ ಆ ಅರ್ಥದಲ್ಲಿ ಇನ್ನೂ ಇನ್ಸೆಲೆಜೆರೆ ಆಗಿಲ್ಲ.

ಮರದಪಟ್ಟಿ

ಬಹಳ ಒಳ್ಳೆಯ ಪೋಸ್ಟ್. ಇದನ್ನು ನಿಘಂಟು ನೋಡಿ ಬರೆಯಲು ಆಗುವುದಿಲ್ಲ.

ತುಂಗೆದಂಡೆ

ಹಳೇಸೆಮಿನರಿ ಅವರಿಗೆ ಒಂದು ಪ್ರಶ್ನೆ. ಮಧ್ಯಯುಗದಲ್ಲಿ ಯೂರೋಪಿನ ಕೆಲವರು ಎಲ್ಲ ಮನುಷ್ಯರಿಗೂ ಬುದ್ಧಿ ಒಂದೇ ಅಂತ ವಾದಿಸಿದ್ದರು ಅಂತ ಓದಿದ್ದೆ. ಅದು ನಮ್ಮ ಅದ್ವೈತವೇ ಅಲ್ವಾ ಸರ್?

ಹಳೇಸೆಮಿನರಿ

ಅಲ್ಲ. ಆದರೆ ಕತೆ ದೊಡ್ಡದು, ಹೇಳುತ್ತೇನೆ.

ಬುದ್ಧಿಗೆ ಗ್ರೀಕ್‌ನಲ್ಲಿ 'ನೂಸ್', ಅರಬ್ಬಿಯಲ್ಲಿ 'ಅಕ್ಲ್', ಎರಡನ್ನೂ ಲ್ಯಾಟಿನ್‌ಗೆ ತಂದವರು 'ಇಂಟೆಲ್ಲೆಕ್ಟುಸ್' ಅಂತ ಮಾಡಿದರು. ಸ್ಪೇನಿನ ಕೊರ್ಡೋಬಾದ ತತ್ವಜ್ಞಾನಿ ಇಬ್ನ್ ರುಷ್ದ್, ಲ್ಯಾಟಿನ್ ಜನ ಅವರನ್ನು ಅವೆರೋಸ್ ಅಂತ ಕರೆದರು, 1126ರಿಂದ 1198. ಅರಿಸ್ಟಾಟಲ್ ಮೇಲೆ ಅವರು ಬರೆದ ವ್ಯಾಖ್ಯಾನದಲ್ಲಿ ಅರಿವನ್ನು ಪಡೆಯುವ ಬುದ್ಧಿ ಮನುಷ್ಯರಿಗೆಲ್ಲ ಸೇರಿ ಒಂದೇ ಅಂತ ಬರುತ್ತದೆ. ನನ್ನ ತಲೆಯಲ್ಲಿ ಚಿತ್ರಗಳಿವೆ, ನಿಮ್ಮ ತಲೆಯಲ್ಲಿ ಬೇರೆ ಚಿತ್ರಗಳಿವೆ, ತಿಳಿಯುವ ಬುದ್ಧಿ ಮಾತ್ರ ಹಂಚಿಕೊಂಡದ್ದು. ಇಲ್ಲದಿದ್ದರೆ ನಾವಿಬ್ಬರೂ ತ್ರಿಕೋನ ಅಂದಾಗ ಒಂದೇ ತ್ರಿಕೋನ ಹೇಗಾಗುತ್ತದೆ ಅಂತ ಪ್ರಶ್ನೆ. ಸುಲಭದಲ್ಲಿ ತಳ್ಳಿಹಾಕುವಂಥದ್ದಲ್ಲ.

ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಬೆಂಕಿ ಹತ್ತಿತು. ಬುದ್ಧಿ ಒಂದೇ ಆದರೆ ನಿಮ್ಮ ಆತ್ಮ, ನನ್ನ ಆತ್ಮ ಅಂತ ಬೇರೆ ಬೇರೆ ಉಳಿದು ಬೇರೆ ಬೇರೆ ಪಾಪಕ್ಕೆ ಲೆಕ್ಕ ಕೊಡುವುದು ಹೇಗೆ? 1270ರ ಡಿಸೆಂಬರ್ 10ರಂದು ಬಿಷಪ್ ಎಟಿಯೆನ್ ತಂಪಿಯೆ 13 ವಾದಗಳನ್ನು ನಿಷೇಧಿಸಿದರು. ಮೊದಲನೆಯದೇ ಇದು. 1277ರಲ್ಲಿ ನಿಷೇಧದ ಪಟ್ಟಿ 219ಕ್ಕೆ ಏರಿತು. ಅಕ್ವಿನಾಸ್ ಕೂಡ 1270ರಲ್ಲೇ ಇದರ ವಿರುದ್ಧ ಒಂದು ಪುಸ್ತಕ ಬರೆದರು. ಅವರ ದೊಡ್ಡ ಅಸ್ತ್ರ ಮೂರು ಪದಗಳದ್ದು: 'ಹಿಕ್ ಹೋಮೊ ಇಂಟೆಲ್ಲಿಜಿಟ್'. ಈ ಮನುಷ್ಯ ತಿಳಿಯುತ್ತಾನೆ. ಯಾವುದೋ ಬುದ್ಧಿ ಇವನ ಮೂಲಕ ತಿಳಿಯುವುದಲ್ಲ, ಇಲ್ಲಿ ಕುಳಿತ ಈ ಆಸಾಮಿ ತಿಳಿಯುತ್ತಾನೆ. ಅದನ್ನು ವಿವರಿಸಲಾಗದ ಸಿದ್ಧಾಂತ ಯಾಕೆ ಬೇಕು ಅಂತ.

ಅದ್ವೈತ ಅಲ್ಲ ಯಾಕೆ ಅಂದರೆ, ಅಲ್ಲಿ ಒಂದೇ ಅನ್ನುವುದು ಆತ್ಮವನ್ನು. ಬುದ್ಧಿಯನ್ನಲ್ಲ. ಬುದ್ಧಿ ಅಂತಃಕರಣದ ಭಾಗ, ಒಬ್ಬೊಬ್ಬರಿಗೆ ಒಂದೊಂದು. ಸಾಂಖ್ಯರಂತೂ ಬುದ್ಧಿಯನ್ನು ಪ್ರಕೃತಿಯಿಂದ ಹುಟ್ಟಿದ ಜಡ ಅಂತಲೇ ಹೇಳುತ್ತಾರೆ.

ತುಂಗೆದಂಡೆ

ಜಡವಾದ ಬುದ್ಧಿ! ಹಾಗಾದರೆ ಕಂಪ್ಯೂಟರ್‌ಗೆ ಬುದ್ಧಿ ಇದೆ ಅಂದರೆ ಸಾಂಖ್ಯರು ಬೇಸರ ಮಾಡಿಕೊಳ್ಳಲಿಕ್ಕಿಲ್ಲ. ಕೆರೆಏರಿಯವರೇ, ಇದನ್ನೂ ಬರೆದುಕೊಳ್ಳಿ.

ಇನ್ನೊಂದು. ನಾವು 'ನನಗೆ ಅರ್ಥವಾಯಿತು' ಅನ್ನುತ್ತೇವೆ. 'ನನಗೆ ತಿಳಿಯಿತು', 'ನನಗೆ ಹೊಳೆಯಿತು'. ನಾನು ಮಾಡಿದ್ದಲ್ಲ, ನನಗೆ ಆದದ್ದು. ಲ್ಯಾಟಿನ್‌ನಲ್ಲಿ 'ನಾನು' ನೇರವಾಗಿ ಕರ್ತೃ. ಅವೆರೋಸ್‌ಗೆ ಕನ್ನಡ ಬರುತ್ತಿದ್ದರೆ ವ್ಯಾಕರಣವನ್ನೇ ಸಾಕ್ಷಿಗೆ ಕರೆಯುತ್ತಿದ್ದ.

ಮರದಪಟ್ಟಿ

ಅಕ್ವಿನಾಸ್ ಸುಮ್ಮನಿರುತ್ತಿರಲಿಲ್ಲ. 'ನಾನು ಅರ್ಥಮಾಡಿಕೊಂಡೆ' ಅಂತಲೂ ಕನ್ನಡದಲ್ಲಿ ಇದೆ ಅನ್ನುತ್ತಿದ್ದ.

ಬೈಟುಕಾಫಿ

'ಈ ಮನುಷ್ಯ ತಿಳಿಯುತ್ತಾನೆ' ಓದಿ ತಲೆ ಬಿಸಿಯಾಯಿತು. ಆಫೀಸಿನಲ್ಲಿ ದಿನಾ ಚಾಟ್‌ಬಾಟ್ ಜೊತೆ ಕೆಲಸ. 'ಇದಕ್ಕೆ ಅರ್ಥವಾಗುತ್ತಾ' ಅಂತ ಊಟದ ಹೊತ್ತಿನಲ್ಲಿ ಜಗಳವೂ ಆಗುತ್ತದೆ. ಆದರೆ 'ಇದು' ಅಂದರೆ ಯಾವುದು ಅಂತ ಯಾರೂ ಕೇಳುವುದಿಲ್ಲ. ಒಂದೇ ಮಾಡೆಲ್ ಒಂದೇ ಹೊತ್ತಿಗೆ ಸಾವಿರಾರು ಜನರ ಜೊತೆ ಮಾತಾಡುತ್ತಿರುತ್ತದೆ. ತಿಳಿಯುವುದು ಯಾರು? ಸರ್ವರ್ರಾ, ಫೈಲಾ, ನನ್ನ ಪರದೆಯ ಮೇಲಿನ ಆ ಒಂದು ಮಾತುಕತೆಯಾ? 1270ರ ಪ್ಯಾರಿಸ್ ಜಗಳ ನಮ್ಮ ಕ್ಯಾಂಟೀನಿಗೆ ಬಂದ ಹಾಗಿದೆ.

ಕೃತಕ ಬುದ್ಧಿಮತ್ತೆ ಎಂಬ ಹೆಸರಿನ ಕತೆ ಹೇಳುತ್ತೇನೆ, ಲೇಖನಕ್ಕೆ ಬೇಕಾಗಬಹುದು. 1955ರ ಆಗಸ್ಟ್ 31ರ ದಿನಾಂಕದ ಒಂದು ಪ್ರಸ್ತಾವ ಇದೆ. ಜಾನ್ ಮೆಕಾರ್ಥಿ, ಮಾರ್ವಿನ್ ಮಿನ್ಸ್ಕಿ, ನಥಾನಿಯಲ್ ರೊಚೆಸ್ಟರ್, ಕ್ಲಾಡ್ ಶ್ಯಾನನ್ ನಾಲ್ವರೂ ಸೇರಿ ರಾಕ್‌ಫೆಲ್ಲರ್ ಪ್ರತಿಷ್ಠಾನದ ಹತ್ತಿರ ದುಡ್ಡು ಕೇಳಿದ್ದು. ಮುಂದಿನ ಬೇಸಿಗೆಯಲ್ಲಿ ಎರಡು ತಿಂಗಳು, ಹತ್ತು ಜನ, ಡಾರ್ಟ್‌ಮತ್ ಕಾಲೇಜಿನಲ್ಲಿ. 'ಆರ್ಟಿಫಿಶಿಯಲ್ ಇಂಟೆಲಿಜೆನ್ಸ್' ಹೆಸರು ಅಲ್ಲಿಂದ ನಿಂತಿತು. ಕಲಿಕೆಯ ಅಥವಾ ಇಂಟೆಲಿಜೆನ್ಸಿನ ಯಾವುದೇ ಲಕ್ಷಣವನ್ನು ತತ್ವಶಃ ಅಷ್ಟು ನಿಖರವಾಗಿ ವಿವರಿಸಬಹುದು, ಯಂತ್ರವೊಂದು ಅದನ್ನು ಅನುಕರಿಸುವಂತೆ ಮಾಡಬಹುದು ಅನ್ನುವುದು ಅವರು ಇಟ್ಟುಕೊಂಡ ಊಹೆ. ಬೇರೆ ಹೆಸರುಗಳೂ ಆಗ ಓಡಾಡುತ್ತಿದ್ದವು. ಅದೇ ಕ್ಷೇತ್ರದ ನ್ಯೂವೆಲ್ ಮತ್ತು ಸೈಮನ್ ತಮ್ಮ ಕೆಲಸವನ್ನು 'ಸಂಕೀರ್ಣ ಮಾಹಿತಿ ಸಂಸ್ಕರಣೆ' ಅನ್ನುತ್ತಿದ್ದರು. ಆ ಹೆಸರು ಗೆದ್ದಿದ್ದರೆ ಈಗ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ.

ಹಳೇಸೆಮಿನರಿ

ತತ್ವಜ್ಞಾನಿ ಬೊಯೆಥಿಯಸ್ ಕೇಳಿದ್ದರೆ ಎದೆಯೊಡೆಯುತ್ತಿತ್ತು. ರಾಜದ್ರೋಹದ ಆರೋಪದ ಮೇಲೆ ಜೈಲಿನಲ್ಲಿದ್ದಾಗ ಪುಸ್ತಕ ಬರೆದವರು, ಸುಮಾರು 524ರಲ್ಲಿ ಕೊಂದರು. ಅವರ ಪ್ರಕಾರ ಮೆಟ್ಟಿಲು ನಾಲ್ಕು. ಇಂದ್ರಿಯ, ಕಲ್ಪನೆ, ತರ್ಕ, ಕೊನೆಗೆ ಇಂಟೆಲ್ಲೆಗೆಂಟಿಯಾ. ತರ್ಕ ಮನುಷ್ಯನಿಗೆ. ಇಂಟೆಲ್ಲೆಗೆಂಟಿಯಾ ದೇವರಿಗೆ ಮಾತ್ರ. ಮನುಷ್ಯನಿಗೇ ಇಲ್ಲ ಅಂದದ್ದನ್ನು ನೀವು ಎರಡು ತಿಂಗಳ ಬೇಸಿಗೆ ಶಿಬಿರದಲ್ಲಿ ಯಂತ್ರಕ್ಕೆ ಕೊಡಲಿಕ್ಕೆ ಹೊರಟಿರಿ.

ಅದೇ ಪುಸ್ತಕದಲ್ಲಿ ಈ ಕ್ರಿಯಾಪದದ ಮೇಲೆ ಒಂದು ಜೋಕ್ ಇದೆ. ಒಬ್ಬ ಬರೀ ಹೆಸರಿಗಾಗಿ ತತ್ವಜ್ಞಾನಿ ಅಂತ ಮೆರೆಯುತ್ತಿದ್ದ. ಇನ್ನೊಬ್ಬ ಅವನನ್ನು ಪರೀಕ್ಷೆ ಮಾಡಲು ಬಾಯಿಗೆ ಬಂದ ಹಾಗೆ ಬೈದ. ಇವನು ಸ್ವಲ್ಪ ಹೊತ್ತು ಹಲ್ಲು ಕಚ್ಚಿ ಸಹಿಸಿಕೊಂಡ. ಆಮೇಲೆ ತಡೆಯಲಾರದೆ, 'ಈಗಲಾದರೂ ತಿಳಿಯಿತಾ ನಾನು ತತ್ವಜ್ಞಾನಿ ಅಂತ?' ಅಂದ. ಬಂದ ಉತ್ತರ: 'ನೀನು ಸುಮ್ಮನಿದ್ದಿದ್ದರೆ ತಿಳಿಯುತ್ತಿತ್ತು.'

ಒಗ್ಗರಣೆ

ಇದನ್ನು ಈ ವೇದಿಕೆಯ ನಿಯಮಾವಳಿಯಲ್ಲಿ ಮೊದಲನೆಯದಾಗಿ ಹಾಕಬೇಕು ಅಂತ ಅಡ್ಮಿನ್ ಅವರಲ್ಲಿ ವಿನಂತಿ.

ಹಾಗೇ 'ಬುದ್ಧಿಜೀವಿ' ಅನ್ನುವ ಬೈಗುಳವನ್ನೂ ಯಾರಾದರೂ ಬಿಡಿಸಿ ಹೇಳಿ. ದಿನಕ್ಕೆ ಎರಡು ಸಲವಾದರೂ ಕೇಳುತ್ತೇನೆ.

ಮರದಪಟ್ಟಿ

'ಇಂಟೆಲೆಕ್ಚುಯಲ್' ಅನ್ನುವ ಇಂಗ್ಲಿಷ್ ಪದಕ್ಕೆ ನಾವು ಬಳಸುವ ಪದ ಅದು. ಗುಂಪಿಗೆ ಇಟ್ಟ ಹೆಸರಾಗಿ ಅದು ಜೋರಾದದ್ದು ಫ್ರಾನ್ಸಿನಲ್ಲಿ, ಆಗಿನಿಂದಲೇ ಬೈಗುಳವಾಗಿಯೂ. ಡ್ರೈಫಸ್ ಎಂಬ ಯಹೂದಿ ಸೇನಾಧಿಕಾರಿಯ ಮೇಲೆ ಬೇಹುಗಾರಿಕೆಯ ಸುಳ್ಳು ಆರೋಪ ಹೊರಿಸಿ ಶಿಕ್ಷೆ ಕೊಟ್ಟಿದ್ದರು. 1898ರ ಜನವರಿ 13ರಂದು ಎಮಿಲ್ ಜೋಲಾ 'ಲೊರೋರ್' ಪತ್ರಿಕೆಯಲ್ಲಿ ರಾಷ್ಟ್ರಾಧ್ಯಕ್ಷರಿಗೆ ಬಹಿರಂಗ ಪತ್ರ ಬರೆದರು. ಮರುದಿನ ಲೇಖಕರು, ಪ್ರಾಧ್ಯಾಪಕರು ಸಹಿ ಹಾಕಿದ ಮನವಿ ಬಂತು. ಆನತೋಲ್ ಫ್ರಾನ್ಸ್ ಇದ್ದರು, ಇನ್ನೂ ಯುವಕನಾಗಿದ್ದ ಪ್ರೂಸ್ತ್ ಇದ್ದರು. ಫೆಬ್ರವರಿ 1ಕ್ಕೆ ಬಲಪಂಥದ ಲೇಖಕ ಮೊರಿಸ್ ಬಾರೆಸ್ ಇವರನ್ನೆಲ್ಲ 'ಇಂಟೆಲೆಕ್ಚುಯಲ್‌ಗಳು' ಅಂತ ಲೇವಡಿ ಮಾಡಿ ಬರೆದ. ಆ ಹೆಸರನ್ನು ಇವರು ಹೆಮ್ಮೆಯಿಂದಲೇ ಇಟ್ಟುಕೊಂಡರು. ಹಾಗಾಗಿ ನಿಮ್ಮನ್ನು ಬೈಯುವವರು ಬಾರೆಸ್‌ನ ಕಡೆಯವರು, ಪಾಪ ಅವರಿಗೆ ಗೊತ್ತಿರಲಿಕ್ಕಿಲ್ಲ.

ಪೊಲೀಸರ 'ಇಂಟೆಲಿಜೆನ್ಸ್' ಬೇರೆ ದಾರಿ. ತಿಳಿದ ಸುದ್ದಿ ಎಂಬ ಅರ್ಥದಿಂದ ಹೊರಟಿತು. ಲಂಡನ್ನಿನಲ್ಲಿ 1663ರಲ್ಲೇ 'ದಿ ಇಂಟೆಲಿಜೆನ್ಸರ್' ಅಂತ ಸುದ್ದಿಪತ್ರ ಇತ್ತು. ಕರ್ನಾಟಕದಲ್ಲಿ ಈ ವಿಭಾಗವನ್ನು 'ಗುಪ್ತವಾರ್ತೆ' ಅಂತ ಕರೆಯುವುದು ಆ ಅರ್ಥಕ್ಕೆ ತುಂಬ ಹತ್ತಿರ.

ದಾವಣಗೆರೆ ಟೀಚರ್

ಬಹಳ ಹೊತ್ತಿನಿಂದ ಓದುತ್ತಿದ್ದೇನೆ. ನಾನು ವಿಶೇಷ ಮಕ್ಕಳಿಗೆ ಪಾಠ ಮಾಡುವವಳು. ನಿಮಗೆ ಇದು ಪದದ ಕತೆ. ನಮ್ಮ ತಾಯಂದಿರಿಗೆ ಇದು ಸರ್ಟಿಫಿಕೇಟಿನ ಮೇಲಿನ ಒಂದು ನಂಬರ್. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಳೆಯ ಕೆಟ್ಟ ಪದ ಹೋಗಿ 'ಬೌದ್ಧಿಕ ಅಂಗವೈಕಲ್ಯ' ಅಂತ ಬಂದಿದೆ, ಒಳ್ಳೆಯದೇ. ಆದರೆ 'ನನ್ನ ಮಗನಿಗೆ ಐಕ್ಯೂ 52' ಅಂತ ಅವರು ಹೇಳುವುದು ರಕ್ತದ ಗುಂಪು ಹೇಳುವ ಹಾಗೇ ಇರುತ್ತದೆ.

ಈ ಪರೀಕ್ಷೆ ಶುರು ಮಾಡಿದ ಆಲ್‌ಫ್ರೆಡ್ ಬಿನೆ ಹಾಗೆ ಅಂದುಕೊಂಡಿರಲಿಲ್ಲ. 1904ರಲ್ಲಿ ಫ್ರಾನ್ಸ್ ಸರಕಾರ ಒಂದು ಸಮಿತಿ ಮಾಡಿತು. ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ಗುರುತಿಸುವುದು ಅವರಿಗೆ ಬೇಕಿತ್ತು. 1905ರಲ್ಲಿ ಬಿನೆ ಮತ್ತು ಸಿಮೋನ್ 30 ಕೆಲಸಗಳ ಪಟ್ಟಿ ಮಾಡಿದರು. ಮೊದಲನೆಯದು ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು. ಕೊನೆಯದು ಅಮೂರ್ತ ಪದಗಳ ನಡುವಿನ ವ್ಯತ್ಯಾಸ ಹೇಳುವುದು. 1909ರಲ್ಲಿ ಬರೆದ ಪುಸ್ತಕದಲ್ಲಿ ಬಿನೆ ಸಿಟ್ಟಾಗಿದ್ದಾರೆ. ಮಗುವಿನ ಬುದ್ಧಿ ಇಷ್ಟೇ, ಇನ್ನು ಹೆಚ್ಚಾಗುವುದಿಲ್ಲ ಅನ್ನುವುದು ಕ್ರೂರ ನಿರಾಶಾವಾದ, ಇದನ್ನು ವಿರೋಧಿಸಬೇಕು ಅಂತಾರೆ. 1911ರಲ್ಲಿ ತೀರಿಕೊಂಡರು. ಮರುವರ್ಷ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ವಯಸ್ಸನ್ನು ನಿಜ ವಯಸ್ಸಿನಿಂದ ಭಾಗಿಸಿ ಅಂತ ಹೇಳಿದರು. 1916ರಲ್ಲಿ ಅಮೆರಿಕದ ಟರ್ಮನ್ ಅದನ್ನು 100ರಿಂದ ಗುಣಿಸಿ ಒಂದು ಅಂಕಿ ಮಾಡಿದರು. ಆ ಅಂಕಿಯನ್ನು ಬಿನೆ ನೋಡಲೇ ಇಲ್ಲ.

ಮರದಪಟ್ಟಿ ಸರ್ ಹೇಳಿದ ಸಿಸೆರೊ ಮಾತು ನನಗೆ ಇಲ್ಲಿ ಬೇಕು. ಯಾವುದರಲ್ಲಿ ತಿಳಿಯುತ್ತದೆ? ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗನಿಗೆ ಐದರ ಮುಂದೆ ಲೆಕ್ಕ ಬರುವುದಿಲ್ಲ. ಯಾವ ಟೀಚರ್ ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದಾರೆ ಅಂತ ಗೇಟಿನಲ್ಲೇ ಹೇಳುತ್ತಾನೆ. ಅವನು ಆಯುತ್ತಿದ್ದಾನೆ, ಗುರುತಿಸುತ್ತಿದ್ದಾನೆ. ಕ್ರಿಯಾಪದ ಅವನಿಗೆ ಹೊಂದುತ್ತದೆ. ನಾಮಪದ ಹೊಂದುವುದಿಲ್ಲ ಅಂತ ಸರ್ಟಿಫಿಕೇಟ್ ಹೇಳುತ್ತದೆ.

ಮರದಪಟ್ಟಿ

ಮೇಡಂ, ನಿಮ್ಮ ಮಾತಿಗೆ ಪೂರ್ತಿ ಗೌರವ ಇದೆ. ಆದರೆ ಒಂದು ಎಚ್ಚರಿಕೆ. ಪದದ ಬೇರು ಆ ಪರೀಕ್ಷೆಯನ್ನು ಸರಿ ಅಂತಲೂ ತಪ್ಪು ಅಂತಲೂ ಹೇಳಲಾರದು. ರೋಮನ್ನರು 'ಆಯುವುದು' ಅಂದರು ಅಂತ ಇಂದಿನ ಮನಃಶಾಸ್ತ್ರ ಅದಕ್ಕೆ ಬದ್ಧವಾಗಬೇಕಿಲ್ಲ. ಐಕ್ಯೂ ತಪ್ಪಾಗಿದ್ದರೆ ಅದಕ್ಕೆ ಬೇರೆ ಪುರಾವೆ ಬೇಕು. ಅಕ್ವಿನಾಸ್ ಮಾಡಿದ್ದನ್ನೇ ನಾವೂ ಮಾಡಬಾರದು ಅಲ್ವಾ, ಬೇಕಾದ ಪಾಠಕ್ಕೆ ತಕ್ಕ ಹಾಗೆ ಪದ ಬಿಡಿಸುವುದು?

ದಾವಣಗೆರೆ ಟೀಚರ್

ಪುರಾವೆ ಅಂತ ನಾನು ಹೇಳಲಿಲ್ಲ ಸರ್. ಬೇರು ಸಿಸೆರೊನದೋ ಇನ್ಯಾರದೋ, ನನಗೆ ಮುಖ್ಯ ಅಲ್ಲ. ತಾಯಿಗೆ ವಿವರಿಸುವಾಗ 'ಇವನಿಗೆ ಬುದ್ಧಿ ಎಷ್ಟಿದೆ' ಅನ್ನುವ ಪ್ರಶ್ನೆಯಿಂದ 'ಇವನಿಗೆ ಏನೇನು ತಿಳಿಯುತ್ತದೆ' ಅನ್ನುವ ಪ್ರಶ್ನೆಗೆ ಅವರನ್ನು ಕರೆತರಲು ನನಗೊಂದು ದಾರಿ ಬೇಕು. ಎರಡನೆಯ ಪ್ರಶ್ನೆಗೆ ಉತ್ತರ ಕೊಟ್ಟರೆ ಮಾರನೇ ದಿನದ ಪಾಠ ತಯಾರಾಗುತ್ತದೆ. ಮೊದಲನೆಯದರಿಂದ ಅವರು ಮನೆಗೆ ಹೋಗಿ ಅಳುತ್ತಾರೆ ಅಷ್ಟೆ.

ಬೈಟುಕಾಫಿ

ಅಕ್ಕ, ಇದು ನಮ್ಮ ಕೆಲಸಕ್ಕೂ ಹೊಂದುತ್ತದೆ. 'ಈ ಮಾಡೆಲ್ ಎಷ್ಟು ಬುದ್ಧಿವಂತ' ಅಂತ ಒಂದು ಸ್ಕೋರು ಹಾಕಿ ಪಟ್ಟಿ ಮಾಡುತ್ತಾರೆ. ನಮಗೆ ಬೇಕಾದದ್ದು ಅದಲ್ಲ. ಕನ್ನಡದಲ್ಲಿ ಬಂದ ದೂರಿನ ಪತ್ರ ಕೊಟ್ಟರೆ ಅದರಲ್ಲಿ ದೂರು ಯಾವುದು, ಬೈಗುಳ ಯಾವುದು ಅಂತ ಬಿಡಿಸುತ್ತದಾ?

ಹಳೇಸೆಮಿನರಿ

ಬೈಗುಳ ಯಾವುದು ಅಂತ ಬಿಡಿಸಲಿಕ್ಕೆ ಮಂಗಳೂರಿನ ಕನ್ನಡದಲ್ಲಿ ಕಷ್ಟ. ನಾವು ಗೌರವ ಕೊಟ್ಟೇ ಬೈಯುವುದು.

ಕೆರೆಏರಿ

ಎಲ್ಲರಿಗೂ ಧನ್ಯವಾದ. ನಾಲ್ಕು ಸಾಲು ಕೇಳಿದ್ದೆ, ಸಂಪಾದಕರನ್ನು ಕೇಳಿ ಒಂದು ಪುಟ ಜಾಗ ತೆಗೆದುಕೊಂಡಿದ್ದೇನೆ. ಹೀಗೆ ಶುರು ಮಾಡುತ್ತೇನೆ: 'ಲ್ಯಾಟಿನ್‌ನ ಇಂಟೆಲ್ಲೆಗೆರೆ ಅಂದರೆ ಹಲವುಗಳ ನಡುವಿನಿಂದ ಆಯ್ದು ಗುರುತಿಸುವುದು. ಕಂಚಿನ ವಿಗ್ರಹದ ಮುಂದೆ ನಿಂತ ಸಿಸೆರೊ, ನನಗೆ ಇದರಲ್ಲಿ ಅಷ್ಟು ತಿಳಿಯುವುದಿಲ್ಲ ಅಂದಾಗ ಬಳಸಿದ್ದು ಈ ಪದವನ್ನೇ.' ಆಮೇಲೆ ನೇರವಾಗಿ 1955ಕ್ಕೆ ಬರುತ್ತೇನೆ. ಬಿನೆಗೆ ಬೇರೆ ಬಾಕ್ಸ್. ಟೀಚರ್ ಅವರೇ, ಆ ಹುಡುಗನ ವಿಷಯ ಊರು, ಶಾಲೆ ಏನೂ ಹೇಳದೆ ಬರೆಯಬಹುದಾ?

ದಾವಣಗೆರೆ ಟೀಚರ್

ಬರೆಯಿರಿ. ಐದರ ಲೆಕ್ಕ ಬಿಡಿ, ಗೇಟಿನದು ಮಾತ್ರ ಹಾಕಿ.

ಮರದಪಟ್ಟಿ

'ಕಂಚಿನ ವಿಗ್ರಹದ ಮುಂದೆ ನಿಂತ' ಅಂತ ಬರೆಯಬೇಡಿ. ವಿಗ್ರಹ ಸಿಸಿಲಿಯಲ್ಲಿತ್ತು, ಮೊಕದ್ದಮೆ ರೋಮ್‌ನಲ್ಲಿ. ಅದಕ್ಕಿಂತ ಮುಖ್ಯ, ಆ ಭಾಷಣವನ್ನು ಸಿಸೆರೊ ಕೋರ್ಟಿನಲ್ಲಿ ಮಾಡಲೇ ಇಲ್ಲ. ಮೊದಲ ಸುತ್ತಿನ ಸಾಕ್ಷ್ಯಕ್ಕೇ ಹೆದರಿ ವೆರ್ರೆಸ್ ಊರು ಬಿಟ್ಟಿದ್ದ. ಮುಂದಿನ ಭಾಷಣಗಳನ್ನು ಸಿಸೆರೊ ಬರೆದು ಪ್ರಕಟಿಸಿದ್ದು ಮಾತ್ರ. 'ಹರ್ಕ್ಯುಲಿಸ್‌ನ ವಿಗ್ರಹದ ಬಗ್ಗೆ ಬರೆಯುತ್ತಾ' ಅಂತ ಮಾಡಿ, ಸರಿಹೋಗುತ್ತದೆ.

ಕ್ಲುಜ್ ಹುಡುಗಿ

ಪತ್ರಿಕೆ ಬಂದ ಮೇಲೆ ಆ ಪುಟದ ಫೋಟೋ ಇಲ್ಲೇ ಹಾಕಿ. ಇಲ್ಲಿಗೆ ಅಂಚೆಯಲ್ಲಿ ಬರುವುದಿಲ್ಲ.